ಕಾಕಾನ ಲೆನ್ಸು

ಕ್ಯಾಮೆರಾ ಕೊಳ್ಳಬೇಕು ಎಂದು ಪುಣೆಯಲ್ಲಿ ಯಾರ ಮುಂದೆ ಬಾಯಿಬಿಟ್ಟರೂ ಉತ್ತರ ಸಿದ್ಧವಾಗಿರುತ್ತದೆ: "ಈಗ ಡಿಎಸ್‌ಎಲ್‌ಆರ್ ಯಾರು ತಗೋತಾರೆ? ಮಿರರ್‌ಲೆಸ್ ತಗೋ." ಹಿಂಜವಡಿಯ ನಮ್ಮ ಆಫೀಸಿನಲ್ಲಿ ಹೀಗೆ ಹೇಳಿದವರಲ್ಲಿ ಅರ್ಧ ಮಂದಿ ಫೋನಿನಲ್ಲಷ್ಟೇ ಫೋಟೋ ತೆಗೆಯುವವರು. ಆದರೂ ಅವರ ಮಾತು ಸುಳ್ಳಲ್ಲ. 2013ರಲ್ಲಿ ಸೋನಿ ಎ7 ಬಂತು. 2018ರಲ್ಲಿ ನಿಕಾನ್, ಕ್ಯಾನನ್ ಎರಡೂ ಫುಲ್‌ಫ್ರೇಮ್ ಮಿರರ್‌ಲೆಸ್‌ಗೆ ಇಳಿದವು. 2020ರ ಡಿ6 ಆದಮೇಲೆ ನಿಕಾನ್‌ನಿಂದ ಹೊಸ ಡಿಎಸ್‌ಎಲ್‌ಆರ್ ಬಂದೇ ಇಲ್ಲ.

ನನ್ನ ತೊಡಕು ಬೇರೆಯದಿತ್ತು. ಅಫಜಲಪುರದಲ್ಲಿ ನಮ್ಮ ಕಾಕಾ ಫೋಟೋ ಸ್ಟುಡಿಯೋ ಇಟ್ಟಿದ್ದರು. ಮದುವೆ, ಕುಬಸ, ಹಾಲ್‌ಟಿಕೆಟ್ಟಿನ ಫೋಟೋ, ಎಲ್ಲವೂ ಅವರದೇ. ಸಕ್ಕರೆ ಕಾಯಿಲೆ ಕಣ್ಣಿಗಿಳಿಯಿತು. "ಫೋಕಸ್ ಸಿಗವಲ್ದು ತಮ್ಮಾ" ಎಂದು ಒಂದು ದಿನ ಶಟರ್ ಎಳೆದರು. ತಮ್ಮ ನಿಕಾನ್ ಡಿ90, ಅದಕ್ಕಿದ್ದ 50 ಎಂಎಂ ಎಫ್1.8ಡಿ ಲೆನ್ಸು, ಎರಡನ್ನೂ ನನ್ನ ಕೈಗಿಟ್ಟರು.

ಆ ಹಳೆಯ ಲೆನ್ಸಿನೊಳಗೆ ಮೋಟಾರ್ ಇಲ್ಲ. ಕ್ಯಾಮೆರಾದ ಹೊಟ್ಟೆಯಲ್ಲಿರುವ ಮೋಟಾರು ಸಣ್ಣ ತಿರುಪೊಂದರಿಂದ ಅದನ್ನು ತಿರುಗಿಸುತ್ತದೆ. ನಿಕಾನಿನ ಮಿರರ್‌ಲೆಸ್‌ಗಳಲ್ಲಿ ಆ ಮೋಟಾರಿಲ್ಲ, ಹಳೆ ಲೆನ್ಸು ಕೂಡಿಸುವ ಎಫ್‌ಟಿಝಡ್ ಅಡಾಪ್ಟರಿನಲ್ಲೂ ಇಲ್ಲ. ಅಂದರೆ ಮಿರರ್‌ಲೆಸ್ ಕೊಂಡರೆ ಕಾಕಾನ ಲೆನ್ಸನ್ನು ಕೈಯಲ್ಲೇ ತಿರುಗಿಸಿ ಫೋಕಸ್ ಮಾಡಬೇಕು. ಊರಿನ ಮನೆಯ ಛಾವಣಿ ರಿಪೇರಿಗೆ ಕಳಿಸಿ ಉಳಿದದ್ದು 60 ಸಾವಿರ ರೂಪಾಯಿ. ಅದರಲ್ಲಿ ಸೆಕೆಂಡ್‌ಹ್ಯಾಂಡ್ ಡಿಎಸ್‌ಎಲ್‌ಆರ್ ಚೆನ್ನಾಗಿಯೇ ಬರುತ್ತಿತ್ತು.

ಇನ್ನೊಂದು ಕಾರಣ ಸ್ವಲ್ಪ ಹುಚ್ಚಿನದು. ಡಿಎಸ್‌ಎಲ್‌ಆರ್‌ನಲ್ಲಿ ಲೆನ್ಸಿನಿಂದ ಬಂದ ಬೆಳಕು ಓರೆಯಾಗಿ ನಿಂತ ಕನ್ನಡಿಗೆ ಬಡಿದು, ಪ್ರಿಸಂ ದಾಟಿ, ನೇರ ಕಣ್ಣಿಗೆ ಬರುತ್ತದೆ. ಮಿರರ್‌ಲೆಸ್‌ನಲ್ಲಿ ಕಣ್ಣಿಟ್ಟರೆ ಕಾಣುವುದು ಪುಟ್ಟ ಸ್ಕ್ರೀನು. ದಿನಕ್ಕೆ ಒಂಬತ್ತು ತಾಸು ಸ್ಕ್ರೀನು ನೋಡಿ ಸಂಬಳ ಎಣಿಸುವವನು ರವಿವಾರವೂ ಸ್ಕ್ರೀನನ್ನೇ ನೋಡಬೇಕೇ?

ಪಂದ್ಯ ನಡೆದದ್ದು ಭಿಗವಣದಲ್ಲಿ. ಕಲಬುರಗಿ ಕಡೆಯವರಿಗೆ ಈ ಹೆಸರು ಗೊತ್ತು. ಊರಿಗೆ ಹೋಗುವ ರೈಲು ದೌಂಡ್ ದಾಟಿದ ಮೇಲೆ ಅಲ್ಲಿಂದಲೇ ಹಾಯುತ್ತದೆ. ಭೀಮಾ ನದಿಗೆ ಕಟ್ಟಿದ ಉಜನಿ ಅಣೆಕಟ್ಟಿನ ಹಿನ್ನೀರಿಗೆ ಚಳಿಗಾಲದಲ್ಲಿ ರಾಜಹಂಸಗಳು, ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಅದೇ ನೀರು ಮುಂದೆ ನಮ್ಮ ಗಾಣಗಾಪುರಕ್ಕೂ ಹೋಗುತ್ತದೆ ಎಂದು ದೋಣಿಯವನಿಗೆ ಹೇಳಿದೆ. ಅವನಿಗೇನೂ ಅನ್ನಿಸಿದಂತೆ ಕಾಣಲಿಲ್ಲ. ಧಾರವಾಡದ ಗೆಳೆಯ ತನ್ನ ನಿಕಾನ್ ಝಡ್50 ತಂದಿದ್ದ. ನನ್ನ ಬಳಿ ಡಿ90, ಬಾಡಿಗೆಗೆ ತಂದ 70–300 ಲೆನ್ಸು.

ಬೆಳಕು ಹರಿಯುವ ಮೊದಲು ಮುಕ್ಕಾಲು ತಾಸು ಕಾದೆವು. ಕಾಯುವುದರಲ್ಲಿ ಕನ್ನಡಿಯನ್ನು ಮೀರಿಸುವುದು ಯಾವುದೂ ಇಲ್ಲ. ಎಷ್ಟು ಹೊತ್ತು ನೋಡಿದರೂ ಬ್ಯಾಟರಿ ಖರ್ಚಿಲ್ಲ, ಕಣ್ಣಿಗೆ ದಣಿವಿಲ್ಲ. ಡಿ90ಗೆ ಒಂದು ಚಾರ್ಜಿನಲ್ಲಿ 850 ಫೋಟೋ ಎಂಬ ಲೆಕ್ಕವಿದ್ದರೆ ಝಡ್50ಗೆ ಸುಮಾರು 300. ಒಂಬತ್ತೂವರೆಗೆ ಗೆಳೆಯ ಎರಡನೇ ಬ್ಯಾಟರಿ ಹಾಕಿದ. ಆದರೆ ಹಂಸಗಳು ಒಮ್ಮೆಲೇ ಎದ್ದಾಗ ನನ್ನ ಕ್ಯಾಮೆರಾದ 11 ಫೋಕಸ್ ಪಾಯಿಂಟುಗಳು ಎಲ್ಲೆಲ್ಲೋ ತಡಕಾಡಿದವು. ಅವನದರಲ್ಲಿ 209 ಪಾಯಿಂಟು, ಫ್ರೇಮಿನ ಅಂಚಿನವರೆಗೆ. ಅವನಿಗೆ ಹನ್ನೆರಡು ಒಳ್ಳೆಯ ಫೋಟೋ ಸಿಕ್ಕವು, ನನಗೆ ಎರಡು. ಡಿ90 2008ರದು, ಝಡ್50 2019ರದು. ಹನ್ನೊಂದು ವರ್ಷದ ಅಂತರವನ್ನು ಕನ್ನಡಿಯ ತಲೆಗೆ ಕಟ್ಟುವುದು ನ್ಯಾಯವಲ್ಲ ಎಂದು ವಾದಿಸಿದೆ. ಈಗಲೂ ವಾದಿಸುತ್ತೇನೆ. ತೂಕದಲ್ಲಿ ಮಾತ್ರ ವಾದಕ್ಕೆ ಜಾಗವಿಲ್ಲ. ನನ್ನದು ಲೆನ್ಸಿಲ್ಲದೆ 700 ಗ್ರಾಂ, ಅವನದು 450.

ಇದಾಗಿ ತಿಂಗಳೊಳಗೆ ಕಣ್ಣು ತೋರಿಸಲು ಕಾಕಾ ಪುಣೆಗೆ ಬಂದರು. ಸಂಜೆ ಗೆಳೆಯನೂ ಮನೆಗೆ ಬಂದ. ಅವನು ಹೊಸದಾಗಿ ಅಡಾಪ್ಟರ್ ತರಿಸಿದ್ದ. ಅದರ ಮೂಲಕ ಕಾಕಾನ 50 ಎಂಎಂ ಲೆನ್ಸನ್ನು ಝಡ್50ಗೆ ಕೂಡಿಸಿ ಅವರ ಕೈಗೆ ಕೊಟ್ಟೆವು.

"ಇದು ಟಿವಿ ಅದಲ್ಲೋ" ಎಂದು ಕಾಕಾ ಕಣ್ಣು ತೆಗೆದರು.

"ಇನ್ನೊಮ್ಮೆ ನೋಡ್ರಿ ಕಾಕಾ" ಎಂದು ಗೆಳೆಯ ಒಂದು ಬಟನ್ ಒತ್ತಿದ. ಚಿತ್ರ ದೊಡ್ಡದಾಗುತ್ತದೆ. ಉಂಗುರ ತಿರುಗಿಸುತ್ತ ಹೋದರೆ ಫೋಕಸ್ ಕೂತ ಅಂಚುಗಳೆಲ್ಲ ಕೆಂಪಗಾಗುತ್ತವೆ. ಮಬ್ಬು ಬೆಳಕಿನಲ್ಲೂ ಒಳಗೆ ಬೆಳ್ಳಗೆ ಕಾಣುತ್ತದೆ. ಕನ್ನಡಿಯ ಕ್ಯಾಮೆರಾಕ್ಕೆ ಇದು ಸಾಧ್ಯವಿಲ್ಲ. ಹೊರಗೆ ಎಷ್ಟು ಬೆಳಕೋ ಅಷ್ಟನ್ನೇ ಅದು ತೋರಿಸಬಲ್ಲದು.

ಕಾಕಾ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ನನ್ನ ಹೆಂಡತಿಯತ್ತ ತಿರುಗಿದರು. ಎಡಗೈ ಬೆರಳು ಉಂಗುರದ ಮೇಲೆ ಮೆಲ್ಲಗೆ ಹಿಂದೆ ಮುಂದೆ ಸರಿಯಿತು. ನಾನು ಚಿಕ್ಕವನಿದ್ದಾಗ ಸ್ಟುಡಿಯೋದಲ್ಲಿ ನೋಡಿದ ಅದೇ ಚಲನೆ. ಕ್ಲಿಕ್ ಆಯಿತು. ಇನ್ನೊಂದು. ಮತ್ತೊಂದು. ಚಹಾ ಆರಿತು, ಯಾರೂ ಮುಟ್ಟಲಿಲ್ಲ.

"ರೆಪ್ಪಿ ಕೂದಲ ಕಾಣ್ತಾವಲೋ ತಮ್ಮಾ" ಎಂದರು.

ಅವರ ಕಣ್ಣು ವಾಸಿಯಾಗಿರಲಿಲ್ಲ. ಡಾಕ್ಟರು ಇಂಜೆಕ್ಷನ್ ಬರೆದುಕೊಟ್ಟಿದ್ದರು, ಈಗಿರುವಷ್ಟು ದೃಷ್ಟಿ ಉಳಿದರೆ ಸಾಕು ಎಂದಿದ್ದರು.

ಮುಂದಿನ ವಾರ ನಾನು ಸೆಕೆಂಡ್‌ಹ್ಯಾಂಡ್ ಝಡ್50 ಮತ್ತು ಅಡಾಪ್ಟರ್ ಕೊಂಡೆ. ನಾನು ಹೊರಗೆ ಹೋಗುವಾಗ ಇಂದಿಗೂ ಹೆಗಲಿಗೇರುವುದು ಡಿ90. ಕನ್ನಡಿಯ ಮೋಹ ಹಾಗೆಯೇ ಇದೆ. ಝಡ್50 ಈಗ ಅಫಜಲಪುರದಲ್ಲಿದೆ. "ಮತ್ತ ನಿನಗ ಬ್ಯಾಡೇನು?" ಎಂದು ಕಾಕಾ ಎರಡು ಸಲ ಕೇಳಿ, ಮೂರನೇ ಸಲ ಕೇಳದೆ ಬ್ಯಾಗಿಗೆ ಹಾಕಿಕೊಂಡರು. ಸ್ಟುಡಿಯೋ ತೆರೆದಿಲ್ಲ. ಓಣಿಯ ಮುದುಕಿಯರ ಫೋಟೋ ತೆಗೆಯುತ್ತಾರೆ, ಒಂದೊಂದು ವಾಟ್ಸಾಪ್‌ನಲ್ಲಿ ಬರುತ್ತದೆ.

ಮೊನ್ನೆ ಫೋನ್ ಮಾಡಿದ್ದರು. "ಎಲ್ಲಾ ಛಲೋ ಅದ. ಬ್ಯಾಟರಿ ಮಾತ್ರ ಭಾಳ ಲಗೂ ಖಾಲಿ ಆಗ್ತದ. ಇನ್ನೊಂದು ಕಳಸು ತಮ್ಮಾ."