ಮೊದಲೇ ಬಗ್ಗಿಸಿಟ್ಟ ಕನ್ನಡಿ

ಕಳೆದ ಸೆಮ್‌ನಲ್ಲಿ ನನ್ನ ಸೆಮಿನಾರ್ ಟಾಪಿಕ್ ಅಡಾಪ್ಟಿವ್ ಆಪ್ಟಿಕ್ಸ್. ಹಿಂದಿನ ರಾತ್ರಿ ಹಾಸ್ಟೆಲ್ ರೂಮಲ್ಲಿ ಎಂಟು ನಿಮಿಷ ಗಡಗಡ ಇಂಗ್ಲಿಷಲ್ಲಿ ಪ್ರಾಕ್ಟೀಸ್ ಮಾಡಿ ಮುಗಿಸಿದೆ. ರೂಮ್‌ಮೇಟ್ ಅಂದ, "ಚೆನ್ನಾಗಿದೆ. ಈಗ ಕನ್ನಡದಲ್ಲಿ ಹೇಳು." ಅವನು ಹತ್ತನೇ ಕ್ಲಾಸ್‌ವರೆಗೆ ಕನ್ನಡ ಮೀಡಿಯಂ, ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ತಡವರಿಸುತ್ತಾ ಶುರು ಮಾಡಿದೆ.

ಅಮೆರಿಕದ ಲಿವರ್ಮೋರ್‌ನಲ್ಲಿ ನ್ಯಾಷನಲ್ ಇಗ್ನಿಷನ್ ಫೆಸಿಲಿಟಿ ಇದೆ. ಅಲ್ಲಿ 192 ಲೇಸರ್ ಕಿರಣಗಳನ್ನು ಕೆಲವೇ ಮಿಲಿಮೀಟರ್ ಅಗಲದ ಗುರಿಗೆ ಹೊಡೀತಾರೆ. 2022ರ ಡಿಸೆಂಬರ್ 5ರಂದು 2.05 ಮೆಗಾಜೌಲ್ ಲೇಸರ್ ಶಕ್ತಿ ಕೊಟ್ಟು ಫ್ಯೂಷನ್‌ನಿಂದ 3.15 ಮೆಗಾಜೌಲ್ ಪಡೆದದ್ದು ಇಲ್ಲೇ. ಕಿರಣದ ಬಲ ಹೆಚ್ಚಿಸೋದು ನಿಯೋಡಿಮಿಯಂ ಬೆರೆಸಿದ ಗಾಜಿನ ಹಲಗೆಗಳು. ಅವಕ್ಕೆ ಶಕ್ತಿ ತುಂಬೋದು ಫ್ಲ್ಯಾಶ್‌ಲ್ಯಾಂಪ್‌ಗಳು. ಆ ಬಿಸಿಗೆ ಗಾಜು ಚೂರು ಸೊಟ್ಟಗಾಗುತ್ತೆ. ಇಸ್ತ್ರಿ ಮಾಡಿದ ಬಟ್ಟೆ ತರ ಸಪಾಟಾಗಿ ಬರಬೇಕಾದ ಬೆಳಕಿನ ಅಲೆ ಸುಕ್ಕಾಗುತ್ತೆ. ಸುಕ್ಕಾದ ಕಿರಣವನ್ನು ಸಣ್ಣ ಚುಕ್ಕಿಗೆ ಫೋಕಸ್ ಮಾಡೋಕಾಗಲ್ಲ. ಅದಕ್ಕೇ ಪ್ರತಿ ಕಿರಣದ ದಾರಿಯಲ್ಲೂ ಒಂದು ಬಗ್ಗುವ ಕನ್ನಡಿ, ಅದರ ಬೆನ್ನಿಗೆ 39 ಆಕ್ಚುಯೇಟರ್. "ಸುಕ್ಕು ಎಲ್ಲಿದೆ ಅಂತ ಸೆನ್ಸರ್ ನೋಡುತ್ತೆ, ಕನ್ನಡಿ ತಕ್ಷಣ ಬಗ್ಗಿ ಸರಿ ಮಾಡುತ್ತೆ" ಅಂದೆ.

"ತಕ್ಷಣ ಅಂದ್ರೆ? ಲೇಸರ್ ಎಷ್ಟು ಹೊತ್ತು ಇರುತ್ತೆ?"

"ಕೆಲವು ನ್ಯಾನೋಸೆಕೆಂಡ್."

"ಅಷ್ಟರಲ್ಲಿ ಕನ್ನಡಿ ಬಗ್ಗುತ್ತಾ?"

ಸುಮ್ಮನಾದೆ. ಕನ್ನಡಿ ಬಗ್ಗೋಕೆ ಒಂದೇ ಮಿಲಿಸೆಕೆಂಡ್ ಸಾಕು ಅಂದ್ಕೊಂಡ್ರೂ, ಅಷ್ಟರಲ್ಲಿ ಬೆಳಕು 300 ಕಿಲೋಮೀಟರ್ ಹೋಗಿರುತ್ತೆ. ಹೆಚ್ಚೂಕಮ್ಮಿ ಬೆಂಗಳೂರಿಂದ ಮಂಗಳೂರು! ನನ್ನ ಸ್ಲೈಡಲ್ಲಿ ಮಾತ್ರ ದಪ್ಪ ಅಕ್ಷರದಲ್ಲಿ 'ರಿಯಲ್ ಟೈಮ್ ಕರೆಕ್ಷನ್' ಅಂತಿತ್ತು. ಟೆಲಿಸ್ಕೋಪ್ ಬಗ್ಗೆ ಬರೆದಿದ್ದ ಸಾಲು, ಹಾಗೇ ಕಾಪಿ ಮಾಡಿದ್ದೆ. ನಕ್ಷತ್ರದ ಬೆಳಕು ಬರುತ್ತಲೇ ಇರುತ್ತೆ, ಅಲ್ಲಿ ತಿದ್ದೋಕೆ ಟೈಮ್ ಇದೆ. ಇಲ್ಲಿ ಎಲ್ಲಿದೆ?

ರಾತ್ರಿ ಎರಡರವರೆಗೆ ಕೂತು ಓದಿದೆ. ಶಾಟ್‌ಗೆ ಮುಂಚೆ ಕಮ್ಮಿ ಪವರ್‌ನ ಕಿರಣ ಬಿಟ್ಟು, ಹಿಂದಿನ ಶಾಟ್‌ನ ಬಿಸಿಯಿಂದ ಉಳಿದ ಸುಕ್ಕನ್ನು ಅಳೆದು ಸರಿ ಮಾಡ್ತಾರೆ. ಆದರೆ ಫ್ಲ್ಯಾಶ್‌ಲ್ಯಾಂಪ್ ಹೊತ್ತಿದಾಗ ಆಗೋ ಸುಕ್ಕು ಇನ್ನೂ ಹುಟ್ಟೇ ಇಲ್ಲ. ಅದನ್ನು ಹಳೇ ಶಾಟ್‌ಗಳ ಅಳತೆಯಿಂದ ಮೊದಲೇ ಲೆಕ್ಕ ಹಾಕಿ, ಕನ್ನಡಿಯನ್ನು ಅಷ್ಟೇ ಉಲ್ಟಾ ಬಗ್ಗಿಸಿ ಇಟ್ಟಿರ್ತಾರೆ. ಕನ್ನಡಿಯ ಸೊಟ್ಟ, ಗಾಜಿನ ಸೊಟ್ಟ ಎರಡೂ ಸೇರಿ ಕಿರಣ ನೆಟ್ಟಗೆ.

ಬೆಳಿಗ್ಗೆ ರೂಮ್‌ಮೇಟ್‌ಗೆ ಇದನ್ನೇ ಹೇಳಿದೆ. ಅವನ ಅಪ್ಪ ಟೈಲರ್. "ಓ, ಒಗೆದ್ರೆ ಕುಗ್ಗೋ ಬಟ್ಟೇನ ಅಪ್ಪ ಒಂದಿಂಚು ದೊಡ್ಡದಾಗೇ ಹೊಲೀತಾರಲ್ಲ, ಹಂಗೆ" ಅಂದ. ಒಂದೇ ವಾಕ್ಯದಲ್ಲಿ ಮುಗಿಸಿಬಿಟ್ಟ.

ಸ್ಲೈಡ್ ಬದಲಾಯಿಸಿದೆ. ಸೆಮಿನಾರಲ್ಲಿ ಅದರ ಬಗ್ಗೆ ಯಾರೂ ಒಂದು ಪ್ರಶ್ನೆ ಕೂಡ ಕೇಳಲಿಲ್ಲ. ಹಳೇ ಸ್ಲೈಡ್ ಇದ್ದಿದ್ರೂ ಅಷ್ಟೇ ಮಾರ್ಕ್ಸ್ ಬರ್ತಿತ್ತು. ಅದನ್ನ ನೆನೆಸ್ಕೊಂಡ್ರೆ ಈಗಲೂ ಸ್ವಲ್ಪ ಭಯ ಆಗುತ್ತೆ. ಇಂಗ್ಲಿಷಲ್ಲಿ ಗಡಗಡ ಹೇಳೋವಾಗ ಇನ್ನೂ ಎಷ್ಟು ವಿಷಯ ಹೀಗೇ ದಾಟಿಸಿದ್ದೀನೋ!

ಈ ಸೆಮ್‌ನ ಟಾಪಿಕ್ ನಿನ್ನೆ ಸಿಕ್ಕಿತು. ಮೊದಲು ರೂಮ್‌ಮೇಟ್‌ಗೆ ಕನ್ನಡದಲ್ಲಿ ಹೇಳಬೇಕು.