ಗಾಂಧಿನಗರದ ಐದು ಅಕ್ಷರಗಳು

ಬಳ್ಳಾರಿಗೆ ಹೋದವರ ಕಣ್ಣಿಗೆ ಮೊದಲು ಬೀಳುವುದು ಕೋಟೆಯನ್ನು ತಲೆಯಲ್ಲಿ ಹೊತ್ತ ಬಂಡೆಗುಡ್ಡ. ಅದನ್ನು ವರ್ಣಿಸಿದವರು ಅನೇಕರಿರುವುದರಿಂದ, ವಾಚಕರನ್ನು ಈ ಸಲ ಅದೇ ಪಟ್ಟಣದ ಗಾಂಧಿನಗರಕ್ಕೆ, ಅಲ್ಲಿಯ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯ ಒಂದನೆಯ ತರಗತಿಗೆ ಕರೆದೊಯ್ಯುವೆನು.

ಮಕ್ಕಳು ನೆಲದ ಮೇಲೆ ಗುಂಪುಗುಂಪಾಗಿ ಕುಳಿತಿರುವರು. ಗೋಡೆಯ ಮೇಲೆ ಕಲಿಕೆಯ ಏಣಿಯ ಚಿತ್ರ. ತಲೆಯ ಮೇಲೆ ದಾರಗಳಿಗೆ ತೂಗಿಬಿಟ್ಟ, ಮಕ್ಕಳೇ ಬರೆದ ಹಾಳೆಗಳ ಚಪ್ಪರ. ಶಾಲೆ ತೆರೆದ ಮೇಲಿನ ಕೆಲವು ವಾರಗಳು ಹಾಡು, ಕಥೆ, ಆಟಗಳಲ್ಲಿ ಕಳೆದು, ಈ ತಿಂಗಳು ಅಕ್ಷರಾಭ್ಯಾಸವು ಮೊದಲಾಗಿರುವುದು. ಆದರೆ ಅದು ಅಕಾರಾದಿಯಾಗಿ ನಡೆಯುವುದಿಲ್ಲ. ರ, ಗ, ಸ, ದ, ಅ ಎಂಬ ಐದೇ ಅಕ್ಷರಗಳು ಮೊದಲು. ಜ, ವ, ಮ, ಬ, ನ ಎಂಬುವು ಅನಂತರ. ಇದು ‘ನಲಿ-ಕಲಿ’ಯೆಂಬ ಪದ್ಧತಿ. ಋಷಿ ವ್ಯಾಲಿಯ ಪ್ರಯೋಗದಿಂದ ಪ್ರೇರಣೆ ಪಡೆದು 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ಇದು 2009-10ರಲ್ಲಿ ರಾಜ್ಯದಾದ್ಯಂತ ಹಬ್ಬಿತು. ಇಲ್ಲಿ ಪ್ರತಿಯೊಂದು ಮಗುವೂ ತನ್ನ ಶಕ್ತಿಗನುಗುಣವಾಗಿ ಮೆಟ್ಟಿಲೇರುವುದು.

ಶಾಲೆಯ ಬಾಗಿಲಲ್ಲಿ ಮೊಮ್ಮಗನಿಗಾಗಿ ಕಾದಿದ್ದ ಹಿರಿಯರೊಬ್ಬರು, “ನೋಡ್ರಿ ಮೇಷ್ಟ್ರೇ, ನಮ್ಮ ಹುಡುಗನಿಗೆ ಅ ಆ ಇ ಈ ಬರೋದಿಲ್ಲ. ಬೇರೆ ಶಾಲೆಗೆ ಹಾಕೋಣ ಅಂತೀನಿ” ಎಂದರು. ಈ ಆತಂಕವು ಅವರೊಬ್ಬರದಲ್ಲ. ಹಗಲು ಶಾಲೆಯಲ್ಲಿ ಒಂದು ಕ್ರಮ, ಸಂಜೆ ಮನೆಯಲ್ಲಿ ಗದರಿಕೆಯೊಡನೆ ಇನ್ನೊಂದು ಕ್ರಮ. ನಡುವೆ ಸಿಕ್ಕಿದ ಕೂಸಿಗೆ ಎರಡರಲ್ಲಿಯೂ ಭಯವೇ ಉಳಿಯುವುದು.

ನಮ್ಮ ವರ್ಣಮಾಲೆಯ ಕ್ರಮವು ಮಹತ್ತಾದುದು. ಕಂಠ, ತಾಲು, ಮೂರ್ಧ, ದಂತ, ಓಷ್ಠಗಳೆಂಬ ಉಚ್ಚಾರಣಸ್ಥಾನಗಳನ್ನನುಸರಿಸಿ ವರ್ಗಗಳನ್ನು ಜೋಡಿಸಿದ ಹಿರಿಯರ ಬುದ್ಧಿಯನ್ನು ಎಷ್ಟು ಕೊಂಡಾಡಿದರೂ ಸಾಲದು. ಆದರೆ ಅದು ಧ್ವನಿಗಳ ಶಾಸ್ತ್ರಕ್ಕೆ ಒಪ್ಪುವ ಕ್ರಮ. ವ್ಯಾಕರಣದ ಪ್ರಯೋಜನಕ್ಕೆ ಬೇರೆ ಕ್ರಮವು ಬೇಕಾದಾಗ ಪಾಣಿನೀಯರ 14 ಮಾಹೇಶ್ವರ ಸೂತ್ರಗಳಲ್ಲಿ ವರ್ಣಗಳು ಬೇರೆಯಾಗಿಯೇ ನಿಂತವು. ಅಲ್ಲಿ ಹಕಾರವು ಎರಡು ಸಲ ಬರುವುದು. ಅದರಿಂದ ವರ್ಣಮಾಲೆಗೆ ಕುಂದುಂಟಾಗಲಿಲ್ಲ. ಪ್ರಯೋಜನವು ಬೇರೆಯಾದರೆ ಕ್ರಮವೂ ಬೇರೆಯಾಗಬಹುದು.

ಇಲ್ಲಿಯ ಪ್ರಯೋಜನವು ಓದು. ಅ, ಆ, ಇ, ಈ ಎಂಬ ನಾಲ್ಕನ್ನು ತಿದ್ದಿದ ಮಗುವು ಅವುಗಳಿಂದ ಎಷ್ಟು ಮಾತುಗಳನ್ನು ಓದೀತು? ಈ ಐದನ್ನು ಕಲಿತದ್ದಾದರೋ ಸರ, ಅರಸ, ಗರಗಸ ಎಂದು ಅಂದೇ ಓದುವುದು. ಎರಡನೆಯ ಐದು ಕೂಡಿದೊಡನೆ ಮರ, ಜನ, ಬಸವ! ಕುರುಗೋಡಿನ ದೊಡ್ಡಬಸವೇಶ್ವರನನ್ನು ಕಂಡುಬಂದ ಮಗುವಿಗೆ ಆ ಹೆಸರಿನ ನಡುವಣ ‘ಬಸ’ ಎಂಬ ಎರಡಕ್ಷರಗಳು ಒಲಿದವು. ಬಳ್ಳಾರಿ, ಸಿರುಗುಪ್ಪ ಎಂದು ಓದಲು ಗುಣಿತವೂ ಒತ್ತಕ್ಷರವೂ ಬರಬೇಕು. ಆದರೆ ತನ್ನ ಬಡಾವಣೆಯ ಹಲಗೆಯಲ್ಲಿರುವ ‘ನಗರ’ವನ್ನು ಅದು ಆಗಲೇ ಬೆರಳಿಟ್ಟು ತೋರಿಸಬಲ್ಲುದು.

ಈ ಊರಿಗೆ ಇನ್ನೊಂದು ವಿಶೇಷವುಂಟು. 1953ರ ಅಕ್ಟೋಬರ್ 1ರಂದು ಹಳೆಯ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಬಳ್ಳಾರಿಯು ಮೈಸೂರಿಗೆ ಬಂದಿತು. ಗಡಿಯನ್ನು ಗೆರೆಯೆಳೆದು ಗುರುತಿಸಬಹುದು, ಮನೆಮಾತನ್ನು ಹಾಗೆ ವಿಭಾಗಿಸಲಾಗದು. ಇಂದಿಗೂ ಇಲ್ಲಿ ತೆಲುಗು ಮನೆಮಾತಿನವರು ಅನೇಕರು. ಕ, ತ ಮೊದಲಾದ ಅಕ್ಷರಗಳು ಎರಡು ಲಿಪಿಗಳಲ್ಲಿ ಬೇರೆ ಬೇರೆ. ರ, ಗ, ಸ, ದ, ಅ ಎಂಬುವಾದರೋ ತಲೆಕಟ್ಟಿನ ಅಲ್ಪ ಭೇದವನ್ನು ಬಿಟ್ಟರೆ ಬಹುಮಟ್ಟಿಗೆ ಒಂದೇ. ಆದುದರಿಂದ ತೆಲುಗನ್ನು ಮಾತ್ರ ಓದಬಲ್ಲ ತಾಯಿಯೂ ಮಗುವಿನ ಈ ತಿಂಗಳ ಪಾಠವನ್ನು ಕೇಳಿ ಒಪ್ಪಿಸಿಕೊಳ್ಳಬಲ್ಲಳು.

ಆ ಹಿರಿಯರಿಗೆ ಹೇಳಿದುದನ್ನೇ ಗೃಹಸ್ಥರೆಲ್ಲರಿಗೂ ಹೇಳುವೆನು. ಸಂಜೆ ಮಗುವು ಮನೆಗೆ ಬಂದಾಗ ‘ಅ ಆ ಇ ಈ ಹೇಳು’ ಎಂದು ಗದರಿಸಬೇಡಿರಿ; ‘ಇಂದು ಯಾವ ಮಾತನ್ನು ಓದಿದೆ?’ ಎಂದು ಕೇಳಿರಿ. ಅಕ್ಷರಗಳೆಲ್ಲವೂ ಪರಿಚಿತವಾದ ಬಳಿಕ ವರ್ಣಮಾಲೆಯನ್ನು ರಾಗವಾಗಿ ನೀವೇ ಹೇಳಿಕೊಡಿರಿ. ಆಗ ಅದು ಅರ್ಥವರಿಯದ ಬಾಯಿಪಾಠವಾಗದೆ, ಬಲ್ಲ ಗೆಳೆಯರನ್ನು ಸಾಲಾಗಿ ನಿಲ್ಲಿಸಿದಂತೆ ಸಂತೋಷಕರವಾಗುವುದು.