ಜೊತೆಯ ನಡಿಗೆ

ಜ್ವರ ಬಿಟ್ಟು ಎದ್ದವನಿಗೆ ಮನೆಯವರು ಗಂಜಿಯಿಂದ ಅನ್ನಕ್ಕೂ, ಹಾಸಿಗೆಯಿಂದ ಜಗಲಿಗೂ, ಜಗಲಿಯಿಂದ ಬೀದಿಗೂ ಮೆಲ್ಲಮೆಲ್ಲನೆ ದಾರಿ ಮಾಡಿಕೊಡುವರು. ಮನಸ್ಸಿನ ಬೇನೆಯಿಂದ ಎದ್ದವನಿಗಾದರೋ ಈ ಉಪಚಾರವು ದೊರೆಯುವುದು ಅಪೂರ್ವ. ನೆರೆಹೊರೆಯವರು ಏನೆಂದಾರೋ ಎಂಬ ಅಂಜಿಕೆಯಿಂದ ಅವನನ್ನು ಒಳಮನೆಯಲ್ಲಿ ಕೂರಿಸುವರು. ಕೆಲವು ತಿಂಗಳು ಕಳೆದ ಮೇಲೆ, ಕುಳಿತೇ ಇರುವನೆಂದು ಬೈಯುವರು.

ಆ ಜಡತೆಯು ಸೋಮಾರಿತನವಲ್ಲ. ಅನೇಕ ವೇಳೆ ಅದು ರೋಗದ ಲಕ್ಷಣವೇ. ಕೆಲವು ಔಷಧಗಳ ಪರಿಣಾಮವೂ ಹೌದು. ಔಷಧವಿಲ್ಲದೆ ಹಲವರಿಗೆ ಗತ್ಯಂತರವಿಲ್ಲ. ಆದರೂ ಅವುಗಳಲ್ಲಿ ಕೆಲವು ಮೈಯ ತೂಕವನ್ನೂ ರಕ್ತದ ಸಕ್ಕರೆಯನ್ನೂ ಏರಿಸುವುದುಂಟು. ತೀವ್ರವಾದ ಮನೋರೋಗವುಳ್ಳವರು ಇತರರಿಗಿಂತ 10ರಿಂದ 20 ವರ್ಷ ಮುಂಚಿತವಾಗಿ ತೀರಿಕೊಳ್ಳುವರೆಂದು ವಿಶ್ವ ಆರೋಗ್ಯ ಸಂಸ್ಥೆಯು ತಿಳಿಸಿದೆ. ಅವರಲ್ಲಿ ಬಹುಮಂದಿಯನ್ನು ಒಯ್ಯುವುದು ಹೃದ್ರೋಗವೇ ಮೊದಲಾದ ಮೈಯ ವ್ಯಾಧಿಗಳು. ಮನಸ್ಸನ್ನು ಉಳಿಸಿಕೊಂಡು ಮೈಯನ್ನು ಕಳೆದುಕೊಂಡರೆ ಗುಣವಾಯಿತೆನ್ನುವುದು ಹೇಗೆ?

ಮೈಗೂ ಮನಸ್ಸಿಗೂ ಇರುವ ಈ ನಂಟನ್ನು ಹಿಂದಿನವರೂ ಒಂದಿಷ್ಟು ಕಂಡಿದ್ದರು. 1796ರಲ್ಲಿ ಇಂಗ್ಲೆಂಡಿನ ಯಾರ್ಕ್ ನಗರದ ಬಳಿ ವಿಲಿಯಂ ಟ್ಯೂಕನು ತೆರೆದ 'ರಿಟ್ರೀಟ್' ಎಂಬ ಆಶ್ರಯದಲ್ಲಿ ತೋಟದ ಕೆಲಸವೂ ತಿರುಗಾಟವೂ ಚಿಕಿತ್ಸೆಯ ಅಂಗಗಳಾಗಿದ್ದುವು. ಮುಂದೆ ಎಷ್ಟೋ ಹುಚ್ಚಾಸ್ಪತ್ರೆಗಳಲ್ಲಿ ಇದೇ ಕೆಲಸವು ಬಿಟ್ಟಿ ದುಡಿಮೆಯಾಗಿ ಕೆಟ್ಟುದೂ ನಿಜ. ಇತ್ತೀಚೆಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಸ್ಕಿಜೋಫ್ರೇನಿಯಾ ಪೀಡಿತರಾದ 61 ಮಂದಿಯಲ್ಲಿ, ಔಷಧವನ್ನು ನಿಲ್ಲಿಸದೆ, ಕೆಲವರಿಗೆ ಯೋಗವನ್ನೂ ಉಳಿದವರಿಗೆ ವ್ಯಾಯಾಮವನ್ನೂ ಕಲಿಸಿ ನೋಡಿದರು. ನಾಲ್ಕು ತಿಂಗಳ ಬಳಿಕ ಯೋಗದವರಲ್ಲಿ ರೋಗಲಕ್ಷಣಗಳು ಹೆಚ್ಚಾಗಿ ತಗ್ಗಿದ್ದುವೆಂದೂ, ಜನರೊಡನೆ ಬೆರೆಯುವ, ಕೆಲಸ ಮಾಡುವ ಶಕ್ತಿಯು ಹೆಚ್ಚಿತ್ತೆಂದೂ 2007ರಲ್ಲಿ ಪ್ರಕಟಿಸಿದರು.

ಆದರೆ ಆಸ್ಪತ್ರೆಯಲ್ಲಿ ಕಲಿತುದು ಮನೆಯ ಹೊಸ್ತಿಲಲ್ಲಿ ನಿಂತುಬಿಡುವುದೇ ಹೆಚ್ಚು. ಅಲ್ಲಿ ಹೊತ್ತಿಗೆ ಸರಿಯಾಗಿ ಎಬ್ಬಿಸುವವರಿದ್ದರು, ಜೊತೆಗೆ ಕೈಯೆತ್ತುವವರಿದ್ದರು. ಇಲ್ಲಿ ಬರಿಯ ಉಪದೇಶವಿದೆ. “ಎದ್ದು ನಾಲ್ಕು ಹೆಜ್ಜೆ ನಡೆಯಬಾರದೇನೋ?” ಎಂದು ತಂದೆಯು ಗದರಿದರೆ ಮಗನು ಗೋಡೆಯ ಕಡೆಗೆ ಹೊರಳುವನು. “ಅಣ್ಣಾ, ಸಂತೆಗೆ ಹೋಗಿಬರೋಣ, ಬಾ, ಚೀಲ ಒಬ್ಬಳಿಗೇ ಭಾರ” ಎಂದು ತಂಗಿಯು ಕರೆದರೆ ಏಳುವನೋ ಏನೋ. ಮೊದಲನೆಯ ಮಾತಿನಲ್ಲಿ ಅವನು ರೋಗಿ. ಎರಡನೆಯದರಲ್ಲಿ ಮನೆಗೆ ಬೇಕಾದವನು. ಇಂದು ಬಾರದಿದ್ದರೆ ನಾಳೆ ಮತ್ತೆ ಕರೆಯಬೇಕು; ಬೀದಿಯ ಕೊನೆಯವರೆಗೆ ಬಂದು ಹಿಂತಿರುಗಿದರೂ ಸಂತೋಷಪಡಬೇಕು.

ಹಾಗೆ ಜೊತೆಯಲ್ಲಿ ನಡೆದರೆ ಗುಣವಾಗುವುದು ಅವನೊಬ್ಬನಿಗೇ ಅಲ್ಲ. ಹಗಲಿನಲ್ಲಿ, ಎಲ್ಲರ ಕಣ್ಣೆದುರು, ಅವನೊಡನೆ ಬೀದಿಗೆ ಇಳಿದ ದಿನ ಮನೆಯವರ ಅಂಜಿಕೆಗೂ ಮದ್ದು ಮೊದಲಾಗುತ್ತದೆ.